ದ್ರಾಕ್ಷಿ ತೋಟಕ್ಕೆ ಯಾವ ಜಾಗ? ವಿಜಯಪುರದ ಮಡ್ಡಿಯೋ, ನಂದಿ ಕಡೆಯ ಕೆಂಪು ಮಣ್ಣೋ

ಒಂದೆರಡು ಎಕರೆ ದ್ರಾಕ್ಷಿ ಹಾಕಬೇಕು ಅನ್ನುವವರು ಮೊದಲು ಕೇಳುವುದೇ ತಳಿಯ ಬಗ್ಗೆ. ಥಾಮ್ಸನ್ ಹಾಕಲಾ, ಶರದ್ ಹಾಕಲಾ, ವೈನ್ ದ್ರಾಕ್ಷಿ ಹಾಕಲಾ? ನಾನು ಹೇಳುವುದು ಒಂದೇ ಮಾತು: ಮೊದಲು ಜಾಗ ನೋಡಿ, ತಳಿ ಆಮೇಲೆ. ತಳಿ ಸರಿ ಬರದಿದ್ದರೆ ಅದೇ ಬೇರಿನ ಮೇಲೆ ಬೇರೆ ತಳಿ ಕಸಿ ಕಟ್ಟಬಹುದು. ಜಾಗ ಸರಿ ಬರದಿದ್ದರೆ ಮಾಡುವುದಕ್ಕೆ ಏನೂ ಉಳಿಯುವುದಿಲ್ಲ. ಕಂಬ, ತಂತಿ, ಡ್ರಿಪ್ ಎಲ್ಲ ಅಲ್ಲೇ ನಿಂತಿರುತ್ತದೆ, ಸಾಲದ ಕಂತು ಮಾತ್ರ ಓಡುತ್ತಿರುತ್ತದೆ.

ಜಾಗ ನೋಡುವಾಗ ಜನ ಸಾಮಾನ್ಯವಾಗಿ ಜನವರಿ, ಫೆಬ್ರವರಿಯಲ್ಲಿ ಹೋಗುತ್ತಾರೆ. ಆಗ ಎಲ್ಲ ತೋಟವೂ ಚೆಂದ. ಗೊಂಚಲು ತೂಗುತ್ತಿರುತ್ತವೆ, ಬಾವಿಯಲ್ಲಿ ನೀರು ಇರುತ್ತದೆ, ಬಿಸಿಲು ಹಿತವಾಗಿರುತ್ತದೆ. ಆದರೆ ದ್ರಾಕ್ಷಿಯ ಹಣೆಬರಹ ಬರೆಯುವುದು ಬೇರೆ ಎರಡು ತಿಂಗಳು. ಒಂದು ಮೇ, ಇನ್ನೊಂದು ನವೆಂಬರ್. ಮೇನಲ್ಲಿ ನೀರು ಸಾಕಾಗುತ್ತದಾ? ನವೆಂಬರ್‌ನಲ್ಲಿ ಮಳೆ, ಮೋಡ, ಇಬ್ಬನಿ ಎಷ್ಟು? ಕರ್ನಾಟಕದಲ್ಲಿ ಯಾವ ಎರಡು ಜಾಗ ಹೋಲಿಸುವುದಿದ್ದರೂ ಈ ಎರಡು ಪ್ರಶ್ನೆಯಿಂದಲೇ ಶುರು ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೇ ತಿಂಗಳ ನೀರಿನ ಲೆಕ್ಕ

ಯುರೋಪಿನ ದ್ರಾಕ್ಷಿ ಗಿಡ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ದೆ ಇಲ್ಲ. ಅದಕ್ಕೇ ವರ್ಷಕ್ಕೆ ಎರಡು ಸಲ ಚಾಟ್ನಿ, ಅಂದರೆ ಕಡ್ಡಿ ಸವರುವುದು. ಏಪ್ರಿಲ್ ಚಾಟ್ನಿ ಕಡ್ಡಿ ಬೆಳೆಸುವುದಕ್ಕೆ, ಅಕ್ಟೋಬರ್ ಚಾಟ್ನಿ ಹಣ್ಣು ತೆಗೆಯುವುದಕ್ಕೆ. ಹೊಸಬರಿಗೆ ಅಕ್ಟೋಬರ್‌ದೇ ದೊಡ್ಡದು ಅನ್ನಿಸುತ್ತದೆ. ನಿಜವಾಗಿ ಮುಂದಿನ ಬೆಳೆಯ ಗೊಂಚಲು ಹುಟ್ಟುವುದು ಏಪ್ರಿಲ್ ಚಾಟ್ನಿಯ ನಂತರ. ಚಾಟ್ನಿ ಆಗಿ 40ರಿಂದ 60 ದಿನದ ಹೊತ್ತಿಗೆ ಹೊಸ ಕಡ್ಡಿಯ ಕಣ್ಣಿನೊಳಗೆ ಗೊಂಚಲಿನ ಮೊಳಕೆ ಕಟ್ಟುತ್ತದೆ. ಆಗ ಚೆನ್ನಾದ ಬಿಸಿಲು ಬೇಕು, ಬೇರಿಗೆ ನೀರೂ ಬೇಕು.

ಈಗ ತೊಡಕು ನೋಡಿ. ಗಿಡಕ್ಕೆ ಅತಿ ಹೆಚ್ಚು ನೀರು ಬೇಕಾಗುವ ಏಪ್ರಿಲ್, ಮೇ ತಿಂಗಳಲ್ಲೇ ಬೋರ್‌ವೆಲ್‌ಗಳು ಕೈಕೊಡುವುದು. ನೀರಿಲ್ಲ ಅಂತ ಚಾಟ್ನಿಯನ್ನು ಮೇಗೆ ಮುಂದೂಡಿದರೆ ಗೊಂಚಲು ಕಟ್ಟುವ ದಿನಗಳು ಜೂನ್ ಕೊನೆಗೆ, ಜುಲೈಗೆ ಹೋಗುತ್ತವೆ. ಆಗ ಮುಂಗಾರಿನ ಮೋಡ. ಬಿಸಿಲು ಸಾಲುವುದಿಲ್ಲ, ಕಣ್ಣುಗಳು ಗೊಂಚಲಿನ ಬದಲು ಬರೀ ಬಳ್ಳಿ ಕುಡಿ ಬಿಡುತ್ತವೆ. ಅಕ್ಟೋಬರ್‌ನಲ್ಲಿ ಎಷ್ಟು ಗೊಬ್ಬರ ಹಾಕಿದರೂ ಅದು ಸರಿ ಹೋಗುವುದಿಲ್ಲ. ಹಣ್ಣು ಕಡಿಮೆ ಬಂತು ಅಂತ ನರ್ಸರಿಯವರನ್ನು ಬೈಯುವ ಎಷ್ಟೋ ತೋಟಗಳಲ್ಲಿ ಅಸಲಿ ಕಾರಣ ಆ ಬೇಸಿಗೆಯ ನೀರು.

ಎಷ್ಟು ನೀರು ಅಂದರೆ ಎಷ್ಟು? ಉತ್ತರ ಕರ್ನಾಟಕದ ಬೇಸಿಗೆಯಲ್ಲಿ ದಿನಕ್ಕೆ ಸುಮಾರು 10 ಮಿಲಿಮೀಟರ್ ನೀರು ಆವಿಯಾಗುತ್ತದೆ ಅಂತ ಇಟ್ಟುಕೊಳ್ಳಿ. ಬೆಳೆದ ತೋಟಕ್ಕೆ ಡ್ರಿಪ್‌ನಲ್ಲಿ ಎಕರೆಗೆ ದಿನಕ್ಕೆ 15ರಿಂದ 17 ಸಾವಿರ ಲೀಟರ್ ಬೇಕು. ದೊಡ್ಡ ಟ್ಯಾಂಕರ್ ಒಂದಕ್ಕೆ 10-12 ಸಾವಿರ ಲೀಟರ್ ಹಿಡಿಯುತ್ತದೆ. ಅಂದರೆ ಒಂದು ಎಕರೆಗೆ ದಿನಕ್ಕೆ ಒಂದೂವರೆ ಟ್ಯಾಂಕರ್. ಬರಗಾಲದಲ್ಲಿ ಟ್ಯಾಂಕರ್ ನೀರು ಹೊಡೆಸಿ ತೋಟ ಉಳಿಸಿಕೊಂಡವರು ವಿಜಯಪುರ ಜಿಲ್ಲೆಯಲ್ಲಿ ಬೇಕಾದಷ್ಟು ಇದ್ದಾರೆ. ಅದು ಗಿಡ ಸಾಯದಂತೆ ಹಿಡಿದುಕೊಳ್ಳುವ ದಾರಿ. ಅದನ್ನೇ ನಂಬಿ ಹೊಸ ತೋಟ ಹಾಕಬಾರದು.

ಬೋರ್‌ವೆಲ್ ಅಳೆಯುವುದಕ್ಕೆ ದೊಡ್ಡ ಯಂತ್ರ ಬೇಡ. ಮೇ ಮಧ್ಯದಲ್ಲಿ ಹೋಗಿ, ಮೋಟರ್ ಶುರು ಮಾಡಿ ಎರಡು ತಾಸು ಬಿಡಿ. ಆಮೇಲೆ ಪೈಪಿನ ಬಾಯಿಗೆ 200 ಲೀಟರ್ ಡ್ರಮ್ ಇಟ್ಟು ತುಂಬುವ ಸಮಯ ನೋಡಿ. ಆರು ನಿಮಿಷಕ್ಕೆ ತುಂಬಿದರೆ ತಾಸಿಗೆ 2,000 ಲೀಟರ್. ತ್ರೀ ಫೇಸ್ ಕರೆಂಟ್ ದಿನಕ್ಕೆ 7 ತಾಸು ಸಿಕ್ಕರೆ 14,000 ಲೀಟರ್. ಅಂದರೆ ಆ ಬೋರ್ ಒಂದು ಎಕರೆಗೂ ತುಸು ಕಡಿಮೆಯೇ. ಶುರುವಿನ ಹತ್ತು ನಿಮಿಷದಲ್ಲಿ ಬರುವ ನೀರನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ರಾತ್ರಿಯೆಲ್ಲ ಬೋರಿನೊಳಗೆ ನಿಂತ ನೀರು. ಹೊಲ ಮಾರುವವರು ಡಿಸೆಂಬರ್‌ನಲ್ಲಿ ತೋರಿಸಿದ ‘ಎರಡು ಇಂಚು ನೀರು’ ಮೇನಲ್ಲೂ ಇರುತ್ತದೆ ಅಂತ ಅಂದುಕೊಳ್ಳಬೇಡಿ.

ಕೃಷಿ ಹೊಂಡ ಇದ್ದರೆ? ಒಳ್ಳೆಯದು, ಆದರೆ ಅದಕ್ಕೂ ಲೆಕ್ಕ ಇದೆ. ಮೇಲೆ 24 ಮೀಟರ್ ಚೌಕ, ಕೆಳಗೆ 15 ಮೀಟರ್ ಚೌಕ, ಆಳ 3 ಮೀಟರ್ ಇರುವ ಹೊಂಡದಲ್ಲಿ ಸುಮಾರು 11 ಲಕ್ಷ 60 ಸಾವಿರ ಲೀಟರ್ ನಿಲ್ಲುತ್ತದೆ. ಬೇಸಿಗೆಯ ಎರಡು ತಿಂಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಲೀಟರ್ ಆವಿಯಾಗಿ ಹೋಗುತ್ತದೆ. ಉಳಿದದ್ದು ಒಂದು ಎಕರೆಗೆ ಎರಡು ತಿಂಗಳಿಗೆ ಹತ್ತಿರ ಹತ್ತಿರ ಸಾಕು. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡ ಮತ್ತು ಸಣ್ಣದೊಂದು ಬೋರ್, ಎರಡೂ ಸೇರಿದರೆ ಒಂದೂವರೆ ಎಕರೆ ನಿಶ್ಚಿಂತೆಯಿಂದ ನಡೆಸಬಹುದು. ನನ್ನನ್ನು ಕೇಳಿದರೆ ಸಣ್ಣ ರೈತನಿಗೆ ಇದೇ ಜೋಡಿ ಬೆಸ್ಟ್. ಬರೀ ಬೋರ್ ನಂಬಿದ ಮೂರು ಎಕರೆಗಿಂತ ಹೊಂಡ ನಂಬಿದ ಒಂದು ಎಕರೆ ಮೇಲು.

ನವೆಂಬರ್ ಮೋಡ

ಅಕ್ಟೋಬರ್ ಚಾಟ್ನಿ ಆದ ಎರಡು ಮೂರು ವಾರಕ್ಕೆ ಎಳೆ ಕುಡಿಯ ಜೊತೆ ಗೊಂಚಲು ಹೊರಗೆ ಬರುತ್ತದೆ. 40 ದಿನದ ಆಸುಪಾಸು ಹೂವು. ಈ ಅವಧಿಯಲ್ಲಿ ಎಲೆ ಒದ್ದೆಯಾಗಿ ನಿಂತರೆ ಡೌನಿ ಅನ್ನುವ ಬೂಜು ರೋಗ ಬರುತ್ತದೆ. ಎಲೆಯ ಮೇಲೆ ಎಣ್ಣೆ ಬಿದ್ದಂಥ ಹಳದಿ ಚುಕ್ಕೆ, ಅಡಿಯಲ್ಲಿ ಬಿಳಿ ಬೂಜು. ಎಲೆಗೆ ಬಂದರೆ ಹೇಗೋ ಸುಧಾರಿಸಬಹುದು. ಹೂಗೊಂಚಲಿಗೆ ಬಂದರೆ ಕೆಲವೇ ದಿನದಲ್ಲಿ ಗೊಂಚಲು ಕಂದಾಗಿ ಒಣಗುತ್ತದೆ. ಆ ವರ್ಷದ ಆದಾಯ ಅಲ್ಲಿಗೆ ಮುಗಿಯಿತು.

ವಿಜಯಪುರದಲ್ಲಿ ಮಳೆ ಜಾಸ್ತಿ ಬೀಳುವುದು ಸೆಪ್ಟೆಂಬರ್‌ನಲ್ಲಿ. ಅಕ್ಟೋಬರ್ ನಡುವಿನ ಹೊತ್ತಿಗೆ ಸಾಮಾನ್ಯವಾಗಿ ಆಕಾಶ ತಿಳಿಯಾಗುತ್ತದೆ, ಗಾಳಿ ಒಣಗುತ್ತದೆ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಅಕ್ಟೋಬರ್‌ನಲ್ಲೂ ಜೋರು ಮಳೆ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದರೆ ನವೆಂಬರ್ ಪೂರ್ತಿ ಜಿಟಿಜಿಟಿ. ಥಾಮ್ಸನ್ ಮತ್ತು ಅದರ ಸಂಬಂಧಿಕರಾದ ಸೋನಾಕ, ಮಾಣಿಕ್ ಚಮನ್, ತಾಸ್-ಎ-ಗಣೇಶ್ ಉತ್ತರದಲ್ಲಿ ನೆಲೆ ನಿಂತದ್ದಕ್ಕೂ, ಬೆಂಗಳೂರು ಬ್ಲೂ ದಕ್ಷಿಣದಲ್ಲೇ ಉಳಿದದ್ದಕ್ಕೂ ಇದೇ ದೊಡ್ಡ ಕಾರಣ. ಬೆಂಗಳೂರು ಬ್ಲೂ ದಪ್ಪ ಸಿಪ್ಪೆಯ, ಗಟ್ಟಿ ಜೀವದ ತಳಿ. ಆ ಕಡೆಯ ಹವೆಯನ್ನು ಥಾಮ್ಸನ್‌ಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ.

ಒಂದೇ ಊರಿನೊಳಗೂ ಇಬ್ಬನಿಯಲ್ಲಿ ವ್ಯತ್ಯಾಸ ಇರುತ್ತದೆ. ಹಳ್ಳದ ದಂಡೆ, ಕೆರೆಯ ಹಿಂದಿನ ತಗ್ಗು, ಸುತ್ತ ಎತ್ತರದ ಕಬ್ಬು ಇರುವ ಹೊಲ, ಇಂಥ ಕಡೆ ಬೆಳಿಗ್ಗೆ ಒಂಬತ್ತಾದರೂ ಎಲೆ ಒಣಗುವುದಿಲ್ಲ. ನವೆಂಬರ್ ಕೊನೆಯಲ್ಲಿ ಬೆಳಿಗ್ಗೆ ಏಳಕ್ಕೆ ಆ ಹೊಲಕ್ಕೆ ಹೋಗಿ ಬದುವಿನ ಹುಲ್ಲಿನಲ್ಲಿ ನಡೆದು ನೋಡಿ. ಅದೇ ದಿನ ಸ್ವಲ್ಪ ಮೇಲಿನ ಹೊಲದಲ್ಲೂ ನಡೆಯಿರಿ. ಎಲ್ಲಿ ಕಾಲು ಬೇಗ ಒಣಗುತ್ತದೋ ಅಲ್ಲಿ ಔಷಧಿ ಖರ್ಚು ಕಡಿಮೆ.

ವಿಜಯಪುರವೋ, ಚಿಕ್ಕಬಳ್ಳಾಪುರವೋ

ಈ ಎರಡು ಕಡೆಗಳನ್ನು ಎದುರುಬದುರು ಇಟ್ಟು ನೋಡಿದರೆ ಯಾವುದು ಮೇಲು ಅನ್ನುವುದಕ್ಕಿಂತ ಯಾವುದು ಯಾರಿಗೆ ಅನ್ನುವುದು ತಿಳಿಯುತ್ತದೆ.

ವಿಜಯಪುರ, ಬಾಗಲಕೋಟೆ, ಅಥಣಿಯ ಪಟ್ಟಿಯಲ್ಲಿ ಒಣ ಹವೆ, ಬೇಕಾದಷ್ಟು ಬಿಸಿಲು. ವರ್ಷಕ್ಕೆ ಒಂದೇ ಬೆಳೆ, ಆದರೆ ಒಣದ್ರಾಕ್ಷಿ ಅನ್ನುವ ಆಸರೆ ಇದೆ. ತಿಕೋಟಾ, ಬಬಲೇಶ್ವರದ ಕಡೆ ಮಾರ್ಚ್‌ನಲ್ಲಿ ಹೋದರೆ ಸಾಲು ಸಾಲು ಶೆಡ್‌ಗಳಲ್ಲಿ ಮಣೂಕ (ಒಣದ್ರಾಕ್ಷಿ) ಒಣಗುತ್ತಿರುತ್ತದೆ. ಹಸಿ ಹಣ್ಣಿಗೆ ರೇಟ್ ಬಿದ್ದರೆ ಅದನ್ನೇ ಒಣಗಿಸಿ, ಕೋಲ್ಡ್ ಸ್ಟೋರೇಜ್‌ನಲ್ಲಿ ಇಟ್ಟು ಕಾಯಬಹುದು. ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಮಣೂಕ. ಮಾರುವುದಕ್ಕೆ ವಿಜಯಪುರ ಇದೆ, ಗಡಿ ದಾಟಿದರೆ ಸಾಂಗ್ಲಿ, ತಾಸಗಾಂವ್ ಇವೆ. ಕೂಲಿ ವಿಷಯದಲ್ಲೂ ಅನುಕೂಲ. ಚಾಟ್ನಿ ಮಾಡುವ, ಕಸಿ ಕಟ್ಟುವ, ಕಾಳು ದಪ್ಪವಾಗಲು ಗೊಂಚಲನ್ನು ಜಿ.ಎ. (ಜಿಬ್ಬರೆಲಿಕ್ ಆಮ್ಲ) ದ್ರಾವಣದಲ್ಲಿ ಅದ್ದುವ ತಂಡಗಳು ಎಕರೆ ಲೆಕ್ಕದಲ್ಲಿ ಗುತ್ತಿಗೆ ಹಿಡಿಯುತ್ತವೆ. ಅಕ್ಕಪಕ್ಕದಲ್ಲಿ ಹಳೇ ಬೆಳೆಗಾರರು ಇದ್ದಾರೆ. ಈ ಅಕ್ಕಪಕ್ಕದ ಅನುಭವಕ್ಕೆ ಬೆಲೆ ಕಟ್ಟಲಾಗುವುದಿಲ್ಲ.

ಕಷ್ಟ ನೀರಿನದು. ಕೃಷ್ಣಾ ನದಿಯ ನೀರು ಮುಳವಾಡ, ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೆರೆಗಳಿಗೆ ಬಂದ ಮೇಲೆ ಎಷ್ಟೋ ಊರುಗಳಲ್ಲಿ ಬಾವಿಗಳು ಜೀವ ಹಿಡಿದಿವೆ. ಹಾಗಾಗಿ ಈ ಕಡೆ ಹೊಲ ನೋಡುವವರು ಒಂದು ಮಾತು ಕೇಳಲೇಬೇಕು: ಹತ್ತಿರದ ಕೆರೆ ತುಂಬಿಸುವ ಪಟ್ಟಿಯಲ್ಲಿ ಇದೆಯಾ, ಕಳೆದ ಬೇಸಿಗೆಯಲ್ಲಿ ಅದರಲ್ಲಿ ನೀರು ಇತ್ತಾ? ಕಾಗದದಲ್ಲಿ ಇರುವ ಕಾಲುವೆಗೂ ಹರಿಯುವ ಕಾಲುವೆಗೂ ವ್ಯತ್ಯಾಸ ಇದೆ.

ಚಿಕ್ಕಬಳ್ಳಾಪುರ, ದೇವನಹಳ್ಳಿ, ದೊಡ್ಡಬಳ್ಳಾಪುರ, ಕೋಲಾರದ ಕಡೆ ಎತ್ತರ ಸುಮಾರು 900 ಮೀಟರ್. ಬೇಸಿಗೆ ಮೃದು, ಕೆಂಪು ಮಣ್ಣು, ನೀರು ಇಂಗಿ ಹೋಗುತ್ತದೆ. ಬೆಂಗಳೂರು ಬ್ಲೂ ಕಡ್ಡಿಯ ಬುಡದ ಕಣ್ಣುಗಳಲ್ಲೇ ಹಣ್ಣು ಬಿಡುವುದರಿಂದ ಗಿಡ್ಡ ಸವರಿ ವರ್ಷಕ್ಕೆ ಎರಡು ಬೆಳೆ ತೆಗೆಯಬಹುದು. ತಿನ್ನಲು, ಜ್ಯೂಸ್‌ಗೆ, ವೈನ್‌ಗೆ ಮೂರಕ್ಕೂ ಹೋಗುತ್ತದೆ. ಈ ತಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ದಿಲ್‌ಖುಷ್, ಶರದ್, ರೆಡ್ ಗ್ಲೋಬ್ ಬೆಳೆಯುವವರೂ ಇದ್ದಾರೆ. ಬೆಂಗಳೂರಿನ ಮಾರುಕಟ್ಟೆ ಎರಡು ತಾಸಿನ ದಾರಿ. ರಾತ್ರಿ ತುಂಬಿದ ಕ್ರೇಟ್ ಬೆಳಗಾಗುವುದರೊಳಗೆ ಮಂಡಿಯಲ್ಲಿ ಇರುತ್ತದೆ.

ಆದರೆ ಇಲ್ಲಿ ಬೋರ್ ಸಾವಿರ ಅಡಿ ದಾಟಿದೆ. ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರಕ್ಕೆ ಕೆ.ಸಿ. ವ್ಯಾಲಿ ಯೋಜನೆಯಿಂದ, ಚಿಕ್ಕಬಳ್ಳಾಪುರಕ್ಕೆ ಎಚ್.ಎನ್. ವ್ಯಾಲಿ ಯೋಜನೆಯಿಂದ ಕೆರೆಗಳಿಗೆ ಬರುತ್ತಿದೆ. ಅಂಥ ಕೆರೆಯ ಹತ್ತಿರ ಹೊಲ ತೆಗೆದುಕೊಂಡರೆ ನೀರಿನ ಪರೀಕ್ಷೆಯನ್ನು ವರ್ಷಕ್ಕೊಮ್ಮೆ ತಪ್ಪದೆ ಮಾಡಿಸಿ. ಇನ್ನೊಂದು ಭಯ ಆಲಿಕಲ್ಲು. ಮಾರ್ಚ್‌ನಿಂದ ಮೇವರೆಗೆ ಹತ್ತು ನಿಮಿಷ ಆಲಿಕಲ್ಲು ಬಿದ್ದರೆ ಗೊಂಚಲು ಹೋಗುತ್ತದೆ, ಚಪ್ಪರ ಕುಸಿದರೆ ಬಂಡವಾಳವೇ ಹೋಗುತ್ತದೆ. ನಿಮ್ಮ ಹೋಬಳಿಯಲ್ಲಿ ದ್ರಾಕ್ಷಿಗೆ ಹವಾಮಾನ ಆಧಾರಿತ ವಿಮೆ ಇದೆಯಾ ಅಂತ ತೋಟಗಾರಿಕೆ ಇಲಾಖೆಯಲ್ಲಿ ಮೊದಲೇ ಕೇಳಿಕೊಳ್ಳಿ. ಜೊತೆಗೆ ಭೂಮಿಯ ಬೆಲೆ. ವಿಮಾನ ನಿಲ್ದಾಣದ ಸುತ್ತ ಎಕರೆಯ ರೇಟ್ ನೋಡಿದರೆ ದ್ರಾಕ್ಷಿ ಬೆಳೆದು ಆ ಹಣ ವಾಪಸ್ ಪಡೆಯುವ ಲೆಕ್ಕ ಕೂಡುವುದಿಲ್ಲ. ಹಿರಿಯರಿಂದ ಬಂದ ಹೊಲ ಇದ್ದರೆ ಮಾತು ಬೇರೆ.

ನನ್ನ ತೀರ್ಮಾನ ಹೀಗೆ: ಎರಡು ಎಕರೆಯ ಒಳಗಿನ ಮೊದಲ ತೋಟ, ಮನೆಯವರೇ ದುಡಿಯುವುದು, ಬಂಡವಾಳ ಕಡಿಮೆ ಅನ್ನುವವರಿಗೆ ದಕ್ಷಿಣದಲ್ಲಿ ಬೆಂಗಳೂರು ಬ್ಲೂ. ಬೇಸಿಗೆಯ ನೀರು ಖಾತ್ರಿ ಇದ್ದು, ಒಣಗಿಸುವ ಶೆಡ್‌ಗೂ ದುಡ್ಡು ಹೊಂದಿಸಬಲ್ಲವರಿಗೆ ಉತ್ತರದಲ್ಲಿ ಥಾಮ್ಸನ್ ಜಾತಿ. ದಕ್ಷಿಣದಲ್ಲಿ ಥಾಮ್ಸನ್ ಹಾಕಿ ಮಣೂಕ ಮಾಡುತ್ತೇನೆ ಅನ್ನುವ ಯೋಜನೆ ಮಾತ್ರ ಬೇಡವೇ ಬೇಡ. ಒಣಗಿಸಲು ಬೇಕಾದ ಸುಡುಬಿಸಿಲಿನ ಒಣ ಗಾಳಿ ಅಲ್ಲಿ ಇಲ್ಲ.

ಒಂದೇ ಊರಿನಲ್ಲಿ ಯಾವ ಹೊಲ

ವಿಜಯಪುರದ ಕಡೆ ಒಂದೇ ಊರಿನಲ್ಲಿ ಮೂರು ಥರದ ಭೂಮಿ ಸಿಗುತ್ತದೆ. ಆಳವಾದ ಎರಿ (ಕಪ್ಪು ಮಣ್ಣು), ನಡುವಿನ ಮಸಾರಿ, ಮೇಲಿನ ಮಡ್ಡಿ. ಜೋಳ, ಕಡಲೆ ಬೆಳೆದ ಹಿರಿಯರ ಕಣ್ಣಿಗೆ ಎರಿಯೇ ಚಿನ್ನ, ಮಡ್ಡಿ ಅಂದರೆ ದನ ಮೇಯುವ ಜಾಗ. ದ್ರಾಕ್ಷಿಗೆ ಈ ಲೆಕ್ಕ ತಿರುಗುಮುರುಗು.

ಎರಿ ಭೂಮಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಸೆಪ್ಟೆಂಬರ್ ಮಳೆಗೆ ಕಾಲಿಡಲು ಆಗುವುದಿಲ್ಲ, ಔಷಧಿ ಹೊಡೆಯುವ ಟ್ರ್ಯಾಕ್ಟರ್ ಒಳಗೆ ಹೋಗುವುದಿಲ್ಲ. ಬೇರಿಗೆ ಗಾಳಿ ಸಿಗದೆ ಎಲೆ ಹಳದಿಯಾಗುತ್ತದೆ. ಚಾಟ್ನಿ ಹೊತ್ತಿಗೆ ಗಿಡಕ್ಕೆ ನೀರು ನಿಲ್ಲಿಸಿ ಸ್ವಲ್ಪ ಹಸಿವು ಮಾಡಿಸಬೇಕು ಅಂದರೆ ಎರಿ ಬಿಡುವುದಿಲ್ಲ, ತಿಂಗಳುಗಟ್ಟಲೆ ತೇವ ಹಿಡಿದಿರುತ್ತದೆ. ಬಳ್ಳಿ ಹಬ್ಬುತ್ತದೆ, ಹಣ್ಣು ಹಿಂದೆ ಬೀಳುತ್ತದೆ.

ಮಡ್ಡಿಯಲ್ಲಿ ಮಣ್ಣು ಕಡಿಮೆ, ಅಡಿಯಲ್ಲಿ ಗರಸು (ಜಲ್ಲಿಯಂಥ ಕಲ್ಲುಮಣ್ಣು). ನೀರು ನಿಲ್ಲುವುದಿಲ್ಲ. ಡ್ರಿಪ್‌ನಲ್ಲಿ ನೀರು, ಗೊಬ್ಬರ ನಾವು ಕೊಟ್ಟಷ್ಟೇ ಗಿಡಕ್ಕೆ ಸಿಗುತ್ತದೆ. ಹಿಡಿತ ನಮ್ಮ ಕೈಯಲ್ಲಿ ಇರುತ್ತದೆ. ಆದರೆ ಕರೆಂಟ್ ಎರಡು ದಿನ ಹೋದರೆ ಗಿಡ ಬಾಡುವುದೂ ಇಲ್ಲೇ ಮೊದಲು. ಮಸಾರಿ ಎರಡರ ನಡುವೆ ಇರುವ ಭೂಮಿ, ಮೂರರಲ್ಲಿ ನನಗೆ ಇದೇ ಇಷ್ಟ. ಮಸಾರಿ ಸಿಗದಿದ್ದರೆ ಎರಿಗಿಂತ ಮಡ್ಡಿ ವಾಸಿ, ಅಡಿಯಲ್ಲಿ ಬಂಡೆ ಹಾಸು ಇಲ್ಲದಿದ್ದರೆ.

ಅದು ತಿಳಿಯುವುದು ಹೇಗೆ? ಜೆಸಿಬಿ ತರಿಸಿ ಹೊಲದ ಮೂರು ಕಡೆ ನಾಲ್ಕು ಅಡಿ ಆಳದ ಗುಂಡಿ ತೆಗೆಸಿ. ಒಳಗೆ ಇಳಿದು ಗೋಡೆ ನೋಡಿ. ಮೇಲಿನಿಂದ ಹಳೇ ಬೆಳೆಯ ಬೇರು ಎಷ್ಟು ಆಳಕ್ಕೆ ಹೋಗಿದೆ? ಯಾವ ಅಡಿಯಲ್ಲಿ ನಿಂತಿದೆ? ಬೇರು ನಿಂತ ಕಡೆ ಸಾಮಾನ್ಯವಾಗಿ ಗಟ್ಟಿ ಪದರ ಇರುತ್ತದೆ. ಗುದ್ದಲಿ ಮೊನೆ ಹಾಕಿದರೆ ಪುಡಿಯಾಗುವ ಗರಸು ಆದರೆ ತೊಂದರೆ ಇಲ್ಲ, ಠಣ್ ಅಂದರೆ ಅದು ಬಂಡೆ. ಗೋಡೆಯಲ್ಲಿ ಬಿಳಿ ಸುಣ್ಣದ ಹರಳು ಕಂಡರೆ ಅದರ ಮೇಲೆ ನಿಂಬೆರಸ ಹಿಂಡಿ. ಬುಸುಬುಸು ನೊರೆ ಬಂದರೆ ಸುಣ್ಣ ಜಾಸ್ತಿ. ಅಂಥ ಕಡೆ ಗಿಡಕ್ಕೆ ಕಬ್ಬಿಣದ ಅಂಶ ಸಿಗದೆ ಎಳೆ ಎಲೆ ಬಿಳಚುತ್ತದೆ, ನರ ಮಾತ್ರ ಹಸಿರು ಉಳಿಯುತ್ತದೆ. ಕೊನೆಗೆ ಗುಂಡಿಗೆ ಸಂಜೆ ನೀರು ತುಂಬಿಸಿ, ಬೆಳಿಗ್ಗೆ ಬಂದು ನೋಡಿ. ನೀರು ಹಾಗೇ ನಿಂತಿದ್ದರೆ ಬೇರೆ ಹೊಲ ಹುಡುಕಿ.

ಅದೇ ಗುಂಡಿಯಿಂದ ಒಂದೊಂದು ಅಡಿಯ ಮಣ್ಣನ್ನು ಬೇರೆ ಬೇರೆ ಚೀಲದಲ್ಲಿ ತೆಗೆದು ಪರೀಕ್ಷೆಗೆ ಕೊಡಿ. ಎಲ್ಲ ಕಲಸಿ ಕೊಟ್ಟರೆ ಏನೂ ಗೊತ್ತಾಗುವುದಿಲ್ಲ. ಮಣ್ಣಿನ ಹುಳಿ-ಕ್ಷಾರ ತಿಳಿಸುವ ಪಿ.ಎಚ್. 6.5ರಿಂದ 8ರ ಒಳಗೆ ಇದ್ದರೆ ನಡೆಯುತ್ತದೆ. ನೀರಿನ ಉಪ್ಪಿನ ಅಂಶ ತಿಳಿಸುವ ಇ.ಸಿ. 1ರ ಒಳಗೆ ಇದ್ದರೆ ಒಳ್ಳೆಯದು, 2 ದಾಟಿದರೆ ದ್ರಾಕ್ಷಿ ಆಸೆ ಬಿಡಿ. ಸಲಹೆ ಬೇಕಾದರೆ ವಿಜಯಪುರದ ಹತ್ತಿರ ತಿಡಗುಂದಿಯಲ್ಲಿ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ಕೇಂದ್ರ ಇದೆ, ದಕ್ಷಿಣದವರಿಗೆ ಹೆಸರಘಟ್ಟದ ಐಐಎಚ್‌ಆರ್ (ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ) ಇದೆ. ಪುಣೆಯ ಮಾಂಜರಿಯಲ್ಲಿ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರವೇ ಇದೆ.

ಇಳಿಜಾರು ಯಾವ ದಿಕ್ಕಿಗಿರಬೇಕು ಅಂತ ಹೊರದೇಶದ ವಿಡಿಯೋಗಳಲ್ಲಿ ಬಹಳ ಮಾತು ಬರುತ್ತದೆ. ಅಲ್ಲಿ ಬಿಸಿಲು ಕಡಿಮೆ, ಹಿಮದ ಭಯ, ಅದಕ್ಕೆ. ನಮಗೆ ಬಿಸಿಲಿನ ಬರ ಇಲ್ಲ. ನೀರು ಹರಿದುಹೋಗುವಷ್ಟು ಸಣ್ಣ ಇಳಿಜಾರು ಇದ್ದರೆ ಸಾಕು, ಸಾಲು ಉತ್ತರ-ದಕ್ಷಿಣ ಇರಲಿ. ಜೂನ್, ಜುಲೈನ ಪಶ್ಚಿಮದ ಗಾಳಿ ಎಳೆ ಕುಡಿ ಮುರಿಯುತ್ತದೆ, ಆ ಕಡೆ ಬದುವಿಗೆ ಒಂದು ಸಾಲು ಮರ ಬೇಕು. ಆದರೆ ಮರದ ನೆರಳು, ಬೇರು ತೋಟಕ್ಕೆ ತಾಗದಷ್ಟು ದೂರ.

ಪಕ್ಕದ ಹೊಲದವರು ಏನು ಬೆಳೆಯುತ್ತಾರೆ

ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಆದರೆ ಕೇಳಲೇಬೇಕು. ಕಬ್ಬು, ಗೋವಿನಜೋಳದಲ್ಲಿ ಕಳೆ ಸಾಯಿಸಲು 2,4-ಡಿ ಹೊಡೆಯುತ್ತಾರೆ. ದ್ರಾಕ್ಷಿಗೆ ಇದು ವಿಷ. ಪಕ್ಕದ ಹೊಲದಲ್ಲಿ ಹೊಡೆದದ್ದು ಗಾಳಿಯಲ್ಲಿ ತೇಲಿ ಬಂದರೂ ಸಾಕು, ಎಳೆ ಎಲೆ ಅಗಲವಾಗದೆ ಬೀಸಣಿಗೆಯಂತೆ ಸುಕ್ಕುಗಟ್ಟುತ್ತದೆ, ಕುಡಿ ತಿರುಚುತ್ತದೆ, ಹೂವು ಉದುರುತ್ತದೆ. ಎಷ್ಟೋ ಜನ ಅದನ್ನು ವೈರಸ್ ರೋಗ ಅಂದುಕೊಂಡು ದುಬಾರಿ ಔಷಧಿ ಹೊಡೆಯುತ್ತಾರೆ.

ಅದಕ್ಕೇ ಸುತ್ತ ಕಬ್ಬು ಇರುವ ಒಂಟಿ ಹೊಲಕ್ಕಿಂತ, ಬೇರೆ ದ್ರಾಕ್ಷಿ ತೋಟಗಳ ನಡುವಿನ ಹೊಲ ಸ್ವಲ್ಪ ದುಬಾರಿಯಾದರೂ ತೆಗೆದುಕೊಳ್ಳಿ. ಒಂಟಿ ಹೊಲವೇ ನಿಮ್ಮದಾದರೆ ಪಕ್ಕದವರ ಮನೆಗೆ ಹೋಗಿ ಕೂತು ಮಾತಾಡಿ. ‘ಅಣ್ಣಾ, ಕಳೆ ಔಷಧಿ ಹೊಡೆಯುವ ಹಿಂದಿನ ದಿನ ಒಂದು ಫೋನ್ ಮಾಡಿ, ಬೇಕಾದರೆ ಈ ಕಡೆಯ ನಾಲ್ಕು ಸಾಲಿಗೆ ಕಳೆ ತೆಗೆಯುವ ಆಳು ನಾನೇ ಕೊಡುತ್ತೇನೆ’ ಅಂದರೆ ಇಲ್ಲ ಅನ್ನುವವರು ಕಡಿಮೆ. ಕಳೆನಾಶಕ ಹೊಡೆದ ಪಂಪನ್ನು ನಿಮ್ಮ ತೋಟಕ್ಕೆ ಬಾಡಿಗೆಗೂ ತರಬೇಡಿ.

ಮನೆಯಿಂದ ಎಷ್ಟು ದೂರ ಅನ್ನುವುದೂ ಅಷ್ಟೇ ಮುಖ್ಯ. ಅಕ್ಟೋಬರ್ ಚಾಟ್ನಿಯಿಂದ ಕಾಳು ಕಟ್ಟುವವರೆಗೆ ದಿನಾ ಬೆಳಿಗ್ಗೆ ತೋಟದಲ್ಲಿ ನಡೆದು ಎಲೆ ತಿರುವಿ ನೋಡಬೇಕು. ರಾತ್ರಿ ಮಳೆ ಬಂದರೆ ಬೆಳಿಗ್ಗೆಯೇ ಔಷಧಿ. ಶನಿವಾರ, ಭಾನುವಾರ ಬಂದುಹೋಗುವವರಿಗೆ ಮಾವು, ಸೀಬೆ ಇವೆ. ದ್ರಾಕ್ಷಿ ಆಗುವುದಿಲ್ಲ.

ತಿನ್ನುವ ಹಣ್ಣು, ಮಣೂಕ, ವೈನ್

ತಿನ್ನುವ ಹಣ್ಣಿಗೆ ಕೈಗೆಲಸ ಜಾಸ್ತಿ. ಗೊಂಚಲು ತೆಳುಮಾಡುವುದು, ಜಿ.ಎ. ಅದ್ದುವುದು, ಬಣ್ಣ, ಗಾತ್ರ ನೋಡುವುದು. ರೇಟ್ ಸಿಕ್ಕರೆ ಲಾಭವೂ ಜಾಸ್ತಿ. ಆದರೆ ಹಣ್ಣು ಕಾಯುವುದಿಲ್ಲ, ವ್ಯಾಪಾರಿ ಹೇಳಿದ ದಿನ ಕೊಯ್ಯಬೇಕು. ಹೊಲದಿಂದ ಡಾಂಬರು ರಸ್ತೆವರೆಗಿನ ದಾರಿ ಕೆಟ್ಟಿದ್ದರೆ ಕಾಳು ಉದುರುತ್ತದೆ.

ಮಣೂಕಕ್ಕೆ ಸಕ್ಕರೆ ಅಂಶ ಏರಬೇಕು, 22 ಬ್ರಿಕ್ಸ್ ದಾಟಿದ ಮೇಲೆ ಕೊಯ್ದರೆ ತೂಕ ಬರುತ್ತದೆ. ಡಿಪ್ಪಿಂಗ್ ಆಯಿಲ್ ಮತ್ತು ಪೊಟ್ಯಾಷ್ ಕಾರ್ಬೊನೇಟ್ ಕಲಸಿದ ನೀರಲ್ಲಿ ಅದ್ದಿ, ಶೆಡ್‌ನ ಬಲೆಗಳ ಮೇಲೆ ನೆರಳಲ್ಲಿ ಹರವಿದರೆ ಎರಡು ವಾರದ ಆಸುಪಾಸು ಒಣಗುತ್ತದೆ. ಒಣಗುವಾಗ ಮಳೆ ಬಂದರೆ ಬಣ್ಣ ಕೆಡುತ್ತದೆ. ಸ್ವಂತ ಶೆಡ್ ಮೊದಲ ವರ್ಷವೇ ಬೇಡ, ಬಾಡಿಗೆಗೆ ಸಿಗುತ್ತದೆ. ಹಾಗೆ ಬಾಡಿಗೆ ಶೆಡ್ ಇರುವ ಊರಿನ ಹತ್ತಿರವೇ ಹೊಲ ಇರಲಿ.

ವೈನ್ ದ್ರಾಕ್ಷಿಯ ಹೆಸರಿಗೆ ಮನಸ್ಸು ಸೋಲುವವರು ಬಹಳ. ನಂದಿ ಬೆಟ್ಟದ ಬುಡದಲ್ಲಿ 1988ರಲ್ಲಿ ಶುರುವಾದ ಗ್ರೋವರ್ ಕಂಪನಿ ಕ್ಯಾಬರ್ನೆ, ಶಿರಾಜ್‌ನಂಥ ಫ್ರೆಂಚ್ ತಳಿಗಳು ನಮ್ಮ ಕೆಂಪು ಮಣ್ಣಿನಲ್ಲಿ ಬರುತ್ತವೆ ಅಂತ ತೋರಿಸಿಕೊಟ್ಟಿತು. 2007ರಲ್ಲಿ ರಾಜ್ಯ ಸರ್ಕಾರ ವೈನ್ ನೀತಿ ತಂದಿತು, ನಂದಿ ಕಣಿವೆ, ಕೃಷ್ಣಾ ಕಣಿವೆ ಅಂತ ವಲಯ ಗುರುತಿಸಿತು. ಇದೆಲ್ಲ ನಿಜ. ಆದರೆ ವೈನ್ ತಳಿಯ ಕಾಳು ಸಣ್ಣದು, ಬೀಜ ತುಂಬಿದ್ದು, ಮಾರುಕಟ್ಟೆಯಲ್ಲಿ ಯಾರೂ ತಿನ್ನಲು ಕೊಳ್ಳುವುದಿಲ್ಲ. ಗುಣ ಉಳಿಯಬೇಕು ಅಂತ ಇಳುವರಿಯನ್ನೂ ಬೇಕಂತಲೇ ಕಡಿಮೆ ಇಡಬೇಕು. ವೈನರಿ ಬೇಡ ಅಂದರೆ ಬೇರೆ ಗಿರಾಕಿ ಇಲ್ಲ. ವರ್ಷಗಳ ಅವಧಿ, ರೇಟ್, ಬ್ರಿಕ್ಸ್, ಕೊಯ್ಲಿನ ಖರ್ಚು ಯಾರದು, ಇಷ್ಟೂ ಬರೆದ ಕರಾರು ಕೈಗೆ ಬರುವವರೆಗೆ ಒಂದು ಸಸಿಯನ್ನೂ ನೆಡಬೇಡಿ. ಸ್ವಂತ ವೈನ್ ಮಾಡಿ ಮಾರುವುದಕ್ಕೆ ಅಬಕಾರಿ ಇಲಾಖೆಯ ಲೈಸೆನ್ಸ್ ಬೇಕು, ಅದು ಒಂದೆರಡು ಎಕರೆಯ ಕೆಲಸ ಅಲ್ಲ.

ಬೇರು ಮತ್ತು ಚಪ್ಪರ

ಬೆಂಗಳೂರು ಬ್ಲೂ ಸ್ವಂತ ಬೇರಿನಲ್ಲೇ ಚೆನ್ನಾಗಿ ಬರುತ್ತದೆ, ಸಸಿ ಖರ್ಚು ಕಡಿಮೆ. ಥಾಮ್ಸನ್ ಜಾತಿಗೆ ಉತ್ತರದಲ್ಲಿ ರೂಟ್‌ಸ್ಟಾಕ್, ಅಂದರೆ ಕಸಿ ಕಟ್ಟಲು ಬೇರೆ ಜಾತಿಯ ಬೇರುಗಿಡ, ಬೇಕೇ ಬೇಕು. ಡಾಗ್‌ರಿಜ್ ಎಲ್ಲರಿಗೂ ಗೊತ್ತಿರುವುದು, ಬರ ತಡೆಯುತ್ತದೆ, ಬೇರಿಗೆ ಬರುವ ಜಂತುಹುಳಕ್ಕೂ ಬಗ್ಗುವುದಿಲ್ಲ, ಆದರೆ ಎರಿ ಭೂಮಿಯಲ್ಲಿ ಬಳ್ಳಿಯನ್ನು ಅತಿಯಾಗಿ ಹಬ್ಬಿಸುತ್ತದೆ. ಮಡ್ಡಿಗೆ ಡಾಗ್‌ರಿಜ್ ಇಲ್ಲವೇ 110ಆರ್, ನೀರಿನಲ್ಲಿ ಉಪ್ಪಿನ ಅಂಶ ಇದ್ದರೆ 1103ಪಿ ಬಗ್ಗೆ ಕೇಳಿ. ಮಣ್ಣು, ನೀರಿನ ರಿಪೋರ್ಟ್ ಹಿಡಿದುಕೊಂಡೇ ನರ್ಸರಿಗೆ ಹೋಗಿ.

ಚಪ್ಪರದ ಪದ್ಧತಿಯಲ್ಲಿ ಗೊಂಚಲಿಗೆ ನೆರಳು, ಇಳುವರಿ ಜಾಸ್ತಿ. ದಕ್ಷಿಣದಲ್ಲಿ ಕಲ್ಲು ಕಂಬದ ಚಪ್ಪರ ದಶಕಗಳ ಕಾಲ ನಿಲ್ಲುತ್ತದೆ. ಇಂಗ್ಲಿಷ್ ವೈ ಅಕ್ಷರದಂಥ ಕಂಬಗಳ ಮೇಲೆ ಬಳ್ಳಿ ಹಬ್ಬಿಸುವ ವೈ ಪದ್ಧತಿಯಲ್ಲಿ ಗಾಳಿ ಆಡುತ್ತದೆ, ಔಷಧಿ ಸರಿಯಾಗಿ ತಾಗುತ್ತದೆ, ಟ್ರ್ಯಾಕ್ಟರ್ ಸಾಲಿನ ನಡುವೆ ಓಡುತ್ತದೆ. ಸಾಲಿಗೆ 9 ಅಡಿ, ಗಿಡಕ್ಕೆ 5 ಅಡಿ ಬಿಟ್ಟರೆ ಎಕರೆಗೆ 968 ಗಿಡ. ಕೂಲಿಯವರು ಕಡಿಮೆ ಇರುವ ಕಡೆ ವೈ ಪದ್ಧತಿಯೇ ಸರಿ. ಕಂಬ, ಆಂಗಲ್, ತಂತಿಯ ಖರ್ಚೇ ತೋಟದ ದೊಡ್ಡ ಖರ್ಚು, ಇಲ್ಲಿ ಅಗ್ಗದ ಮಾಲು ಹಾಕಬೇಡಿ. ಡ್ರಿಪ್‌ಗೆ ಸರ್ಕಾರದ ಸಹಾಯಧನ ಇದೆ, ಅರ್ಜಿಯನ್ನು ನೆಡುವ ಮೊದಲೇ ಹಾಕಿ.

ಯಾವಾಗ ಏನು

ಇಷ್ಟೆಲ್ಲ ನೋಡುವುದಕ್ಕೆ ಒಂದು ವರ್ಷ ಬೇಕು, ಅದನ್ನು ಕೊಡಿ. ಮೇನಲ್ಲಿ ಬೋರ್ ಅಳತೆ, ಸೆಪ್ಟೆಂಬರ್‌ನ ದೊಡ್ಡ ಮಳೆಯ ಮರುದಿನ ಹೊಲದಲ್ಲಿ ನೀರು ಎಲ್ಲಿ ನಿಂತಿದೆ ಅಂತ ನೋಟ, ನವೆಂಬರ್‌ನಲ್ಲಿ ಇಬ್ಬನಿ. ಮೂರರಲ್ಲೂ ಪಾಸಾದರೆ ಡಿಸೆಂಬರ್, ಜನವರಿಯಲ್ಲಿ ಎರಡೂವರೆ ಅಡಿ ಆಳದ ಚರಿ ತೆಗೆಸಿ, ಮೇಲ್ಮಣ್ಣು, ಕೊಟ್ಟಿಗೆ ಗೊಬ್ಬರ, ಸೂಪರ್ ಫಾಸ್ಫೇಟ್ ತುಂಬಿ. ಉತ್ತರದಲ್ಲಾದರೆ ಫೆಬ್ರವರಿ, ಮಾರ್ಚ್‌ನಲ್ಲಿ ರೂಟ್‌ಸ್ಟಾಕ್ ನೆಡಿ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಅದು ಪೆನ್ಸಿಲ್ ದಪ್ಪ ಬಂದಾಗ ಹೊಲದಲ್ಲೇ ಕಸಿ. ಮುಂದಿನ ಜನವರಿ, ಫೆಬ್ರವರಿಯಲ್ಲಿ ಮತ್ತೆ ಕತ್ತರಿಸಿ ಕಾಂಡ, ತೋಳು ಕಟ್ಟುವುದು. ಆ ವರ್ಷದ ಅಕ್ಟೋಬರ್‌ನಲ್ಲಿ ಮೊದಲ ಹಣ್ಣಿನ ಚಾಟ್ನಿ, ಅದರಾಚೆ ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಮೊದಲ ಕೊಯ್ಲು. ಬೇರು ನೆಟ್ಟ ದಿನದಿಂದ ಎರಡು ವರ್ಷ ಕೈಗೆ ಪೈಸೆ ಬರುವುದಿಲ್ಲ. ಆ ಎರಡು ವರ್ಷದ ಮನೆ ಖರ್ಚು ಮತ್ತು ಎರಡು ಬೇಸಿಗೆಯ ನೀರು ಎಲ್ಲಿಂದ ಅನ್ನುವುದನ್ನು ಸಸಿಗೆ ಮುಂಗಡ ಕೊಡುವ ಮೊದಲು ಮನೆಯವರ ಜೊತೆ ಕೂತು ಬರೆದುಕೊಳ್ಳಿ.